ಆಲೂಗಡ್ಡೆ ಮಂಡಿಗೊಂದು ಲೈಸೆನ್ಸು

ಕಂಪ್ಯೂಟರ್ ಇರುವ ಕಡೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಆ ಕಂಪ್ಯೂಟರನ್ನು ಆಲೂಗಡ್ಡೆ ಮಂಡಿಯಲ್ಲಿ ತಂದಿಟ್ಟರೆ ಎಡವಟ್ಟಿನ ನಡುವೆ ಬಿಡುವು ಸಿಕ್ಕಾಗ ಕೆಲಸ ಆಗುತ್ತದೆ.

ನಾನು ಸೇರಿದ್ದು ಅಂಥ ಒಂದು ಮಂಡಿಗೆ, ತೊಂಬತ್ತರ ದಶಕದ ಕೊನೆಯಲ್ಲಿ. ಹಾಸನದಲ್ಲಿ ಬಿತ್ತನೆ ಆಲೂಗಡ್ಡೆ, ಗೊಬ್ಬರ ಮಾರುವ ದೊಡ್ಡ ಅಂಗಡಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಒಂದೊಂದು ಶಾಖೆ. ನಮ್ಮ ಮನೆ ಹೊಳೆನರಸೀಪುರದಲ್ಲಿ. ಅಪ್ಪ ಸಂಸ್ಕೃತದ ಮೇಷ್ಟ್ರು. ಮಗಳು ಕಂಪ್ಯೂಟರ್ ಡಿಪ್ಲೊಮಾ ಓದಿದ್ದಾಳೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದವರು, ನಾನು ಸಂಜೆ ಬಸ್ಸಿಳಿದು ಬಂದರೆ ಮಾತ್ರ, "ಯೂರಿಯಾ ವಾಸನೆ ಬರ್ತಿದೆ, ಹಿತ್ತಲ ಕಡೆಯಿಂದ ಬಾ" ಅನ್ನುತ್ತಿದ್ದರು.

ಮಂಡಿಯಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದುದು ಕಂಪ್ಯೂಟ್ರಮ್ಮ ಅಂತ. ಲೆಕ್ಕ ಬರೆಯುವ ಹಿರಿಯರೊಬ್ಬರಿದ್ದರು. ಅವರು ಎಲ್ಲರಿಗೂ ರೈಟರು. ಎಲ್ಲರ ಮೇಲೆ ಯಜಮಾನರು. ಯಜಮಾನರು ಕೆಟ್ಟವರಲ್ಲ. ಆದರೆ ಕೈಯಲ್ಲಿ ಹಿಡಿದು ತೂಗಲಾಗದ ಯಾವ ವಸ್ತುವಿಗೂ ದುಡ್ಡು ಕೊಡಬೇಕಾದ ಪ್ರಸಂಗ ಅವರಿಗೆ ಅದುವರೆಗೆ ಬಂದಿರಲಿಲ್ಲ. ಸಾಫ್ಟ್‌ವೇರು ಅಂಥ ಮೊದಲನೆಯ ವಸ್ತು.

ಎಲೆಗಿಷ್ಟು

ನಮಗೆ ಬೇಕಾಗಿದ್ದುದು ನಮ್ಮ ಬಿಲ್ಲು, ನಮ್ಮ ಸ್ಟಾಕು, ನಮ್ಮ ಬಾಕಿ ಪಟ್ಟಿ ಇಂಥವನ್ನು ನಾವೇ ತಯಾರು ಮಾಡಿಕೊಳ್ಳಬಲ್ಲ ಒಂದು ಸಾಫ್ಟ್‌ವೇರು. ಅದನ್ನು ಮಾರುವ ಕಂಪನಿಯಿಂದ ಬೆಂಗಳೂರಿನ ಒಬ್ಬ ಟೈ ಕಟ್ಟಿದ ಹುಡುಗ ಬಂದ. ಮೂಟೆಗಳ ನಡುವೆ ಜಾಗ ಮಾಡಿಕೊಂಡು ಕೂತು, ಪರದೆಯ ಮೇಲೆ ಗಿರಾಕಿ ಹೆಸರಿಗೊಂದು ಪೆಟ್ಟಿಗೆ, ಮೂಟೆಗೊಂದು, ದರಕ್ಕೊಂದು ಅಂತ ಮೌಸಿನಲ್ಲಿ ಎಳೆದು ತಂದು ಕೂರಿಸಿದ. ಗುಂಡಿ ಒತ್ತಿದ. ಬಿಲ್ಲು ಬಂತು.

"ಇದಕ್ಕೆ ಕೋಡ್ ಬರೆಯೋದೇ ಬೇಡ ಸಾರ್. ಎಳೆದು ತರೋದು, ಬಿಡೋದು. ಪ್ರೋಗ್ರಾಂ ಗೊತ್ತಿರೋರು ಯಾರೂ ಬೇಕಾಗಿಲ್ಲ. ಈ ಹಿರಿಯರು ಕೂಡ ಮಾಡಬಹುದು" ಎಂದು ರೈಟರನ್ನು ತೋರಿಸಿದ.

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಹಂಗಾದ್ರೆ ನೀನ್ಯಾಕಮ್ಮ ಬೇಕು?"

ನಾನು ಸೇರಿ ಇನ್ನೂ ಮೊದಲನೆಯ ಸಂಬಳ ಆಗಿರಲಿಲ್ಲ. "ಎಳೆಯೋಕೆ ಒಬ್ರು ಬೇಕಲ್ಲ ಸಾರ್" ಅಂದೆ. ಅದು ಅವರಿಗೆ ಸರಿ ಅನ್ನಿಸಿತು. ಮಂಡಿಯಲ್ಲಿ ಏನನ್ನೇ ಎಳೆಯುವುದಿದ್ದರೂ ಒಬ್ಬರನ್ನು ಇಟ್ಟೇ ಇರುತ್ತಾರೆ.

ಆಮೇಲೆ ದರದ ಮಾತು ಬಂತು. ಹುಡುಗ ಒಬ್ಬೊಬ್ಬರಿಗೆ ಇಷ್ಟಿಷ್ಟು ಅಂದ.

"ಒಬ್ಬೊಬ್ಬರಿಗಾ?" ಅಂದರು ಯಜಮಾನರು. "ಇದೇನಪ್ಪ, ಮದುವೆ ಅಡುಗೆ ಕಂಟ್ರಾಕ್ಟಾ, ಎಲೆಗಿಷ್ಟು ಅನ್ನೋಕೆ? ಒಂದೇ ಎಲೇಲಿ ಇಬ್ರು ಉಂಡ್ರೆ ನಿಮಗೇನು ಕಷ್ಟ?"

ಹುಡುಗ ಲೈಸೆನ್ಸಿನ ನಿಯಮಗಳನ್ನು ವಿವರಿಸಲು ಹೊರಟ. ಯಜಮಾನರಿಗೆ ಅದು ಹಿಡಿಸಲಿಲ್ಲ. ಅಷ್ಟರಲ್ಲಿ ಊಟದ ಹೊತ್ತಾಯಿತು. ಅವನನ್ನೂ ರೈಟರನ್ನೂ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದರು. ಮುಂದಿನದನ್ನು ರೈಟರು ಬಂದು ಹೇಳಿದ್ದು. ಮೂವರೂ ಕೂತರಂತೆ. ಯಜಮಾನರು "ಎರಡು ಊಟ, ಮೂರು ತಟ್ಟೆ" ಅಂದರಂತೆ. ಮಾಣಿ ಗೋಡೆಯ ಮೇಲಿನ ಬೋರ್ಡಿನ ಕಡೆ ಕೈ ತೋರಿಸಿದನಂತೆ. ಅದರಲ್ಲಿ ಬರೆದಿತ್ತು: ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ.

ಬೆಂಗಳೂರಿನ ಹುಡುಗ ನೀರು ಕುಡಿದು ಲೋಟ ಕೆಳಗಿಟ್ಟು ಹೇಳಿದನಂತೆ: "ಬೆಳಿಗ್ಗೆಯಿಂದ ನಾನು ಹೇಳ್ತಿರೋದು ಇದನ್ನೇ ಸಾರ್."

ವರ್ಷವಿಡೀ ಹಬ್ಬ

ಹೋಗುವಾಗ ಹುಡುಗ ಒಂದು ಸಿ.ಡಿ. ಕೊಟ್ಟು ಹೋದ. ಒಂದು ತಿಂಗಳು ಪುಕ್ಕಟೆ ಉಪಯೋಗಿಸಿ ನೋಡಬಹುದು, ಇಷ್ಟವಾದರೆ ಕೊಳ್ಳಬಹುದು. ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಜಮಾನರು ಅದನ್ನು ಶಾಸ್ತ್ರೋಕ್ತವಾಗಿಯೇ ಶುರು ಮಾಡಿಸಿದರು. ಯುಗಾದಿಯ ದಿನ ಅಂಗಡಿ ಮುಚ್ಚಿತ್ತು. ಬಾಗಿಲ ಒಳಗೇ ಪೂಜೆ ಮಾಡಿ, ಕಂಪ್ಯೂಟರಿಗೆ ಕುಂಕುಮ ಇಟ್ಟು, ನನ್ನ ಕೈಯಲ್ಲಿ ಸಿ.ಡಿ. ಹಾಕಿಸಿದರು.

ತಿಂಗಳು ಮುಗಿಯಿತು. ಸಾಫ್ಟ್‌ವೇರು ಬಾಗಿಲು ಹಾಕಿಕೊಂಡಿತು. ಆಚೆ ಮುಂಗಾರಿನ ಮೊದಲ ಮಳೆ ಬಿದ್ದು ಬಿತ್ತನೆಗೆ ಜನ ಮುಗಿಬೀಳುವ ಹೊತ್ತು. ನಾನು ಕಂಪನಿಗೆ ಫೋನ್ ಮಾಡಲೇ ಅಂತ ಕೇಳಿದೆ.

"ಅದಕ್ಕೆ ತಿಂಗಳು ಮುಗೀತು ಅಂತ ಯಾರು ಹೇಳಿದ್ದು?" ಅಂದರು ಯಜಮಾನರು.

"ಕಂಪ್ಯೂಟರಲ್ಲೇ ತಾರೀಖು ಇರುತ್ತಲ್ಲ ಸಾರ್."

"ಆ ತಾರೀಖು ತಿರುಗಿಸೋಕೆ ಬರುತ್ತೋ?"

ಬರುತ್ತದೆ ಅಂದುಬಿಟ್ಟೆ. ಅವತ್ತಿನಿಂದ ದಿನಾ ಬೆಳಿಗ್ಗೆ ಅಂಗಡಿ ಗುಡಿಸಿದ ಮೇಲೆ ಕಂಪ್ಯೂಟರಿನ ತಾರೀಖನ್ನು ಯುಗಾದಿಗೆ ತಿರುಗಿಸುವುದು ನನ್ನ ಮೊದಲನೆಯ ಕೆಲಸವಾಯಿತು. ಸಾಫ್ಟ್‌ವೇರು ತಾನು ಈಗಷ್ಟೇ ಹುಟ್ಟಿದೆ ಅಂದುಕೊಂಡು ಉತ್ಸಾಹದಿಂದ ದುಡಿಯಿತು. ಬಿಲ್ಲುಗಳೆಲ್ಲ ಯುಗಾದಿಯ ತಾರೀಖಿನಲ್ಲೇ ಹೋಗುತ್ತಿದ್ದವು. ಗಿರಾಕಿಗಳು ಮೊತ್ತ ನೋಡುತ್ತಿದ್ದರೇ ಹೊರತು ತಾರೀಖು ನೋಡುತ್ತಿರಲಿಲ್ಲ.

ನೋಡಿದವರು ನಮ್ಮ ರೈಟರೇ. ಒಂದು ದಿನ ಮೊಸಳೆ ಎಂಬ ಊರಿನ ಕಡೆಯ ರೈತರೊಬ್ಬರು ಬಂದು, "ನಾಕು ಮೂಟೆ ಬಿತ್ನೆ ತಗಂಡೋಗಿದ್ದೆ ಸಾ. ಒಂದು ಮೂಟೆ ಪೂರ್ತಿ ಕೊಳ್ತೋಗದೆ" ಅಂದರು.

ರೈಟರು ಕನ್ನಡಕ ಏರಿಸಿ ಬಿಲ್ಲು ನೋಡಿದರು. ತಾರೀಖು ತಿರುಗಿಸುವ ವಿಷಯ ಅವರಿಗೆ ಆಗ ನೆನಪಿಗೆ ಬರಲಿಲ್ಲವೋ, ಬಂದರೂ ಬರಲಿಲ್ಲ ಅಂದುಕೊಂಡರೋ. "ಏನಪ್ಪ, ಯುಗಾದೀಲಿ ತಗೊಂಡು ಇಷ್ಟು ದಿನ ಮನೇಲಿಟ್ಕೊಂಡಿದ್ರೆ ಕೊಳೀದೆ ಇನ್ನೇನಾಗುತ್ತೆ?"

"ನಾನು ತಗಂಡೋಗಿದ್ದು ಮೊನ್ನೆ ಸೋಮ್ವಾರ ಕಣ್ ಸಾ. ನೀವೇ ಎಣಿಸ್ ಕೊಟ್ರಿ."

"ಬಿಲ್ಲಲ್ಲಿ ಯುಗಾದಿ ಅಂತಿದೆಯಲ್ಲ."

"ಯುಗಾದಿ ದಿಸ ನಾನು ಬೆಳಿಗ್ಗಿಂದ ಸಂಜೆಗಂಟ ಅಳ್ಳಿ ಕಟ್ಟೆ ಮ್ಯಾಲೆ ಇಸ್ಪೀಟಾಡ್ತಿದ್ದೆ ಸಾ. ಬೇಕಾದ್ರೆ ಊರೋರನ್ನೆಲ್ಲ ಕರ್ಸಿ ಕೇಳಿ."

ಯಜಮಾನರು ಒಳಗಿನಿಂದ ಬಂದು, ಮಾತು ಬೆಳೆಯುವ ಮೊದಲೇ ಬೇರೆ ಮೂಟೆ ಕೊಟ್ಟು ಕಳಿಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಮಾರಾಟ ತೆರಿಗೆಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದು ಬಿಲ್ಲುಗಳ ಕಂತೆ ತಿರುವಿಹಾಕಿದರು. "ಏನ್ರೀ ಇದು? ಈ ಸಲದ ವ್ಯಾಪಾರವೆಲ್ಲ ಒಂದೇ ದಿನ ಆಗಿದೆ?"

"ಹಬ್ಬದ ದಿನ ಒಳ್ಳೇದು ಅಂತ ಎಲ್ರೂ ಅವತ್ತೇ ತಗೊಂಡ್ರು ಸಾರ್" ಅಂದರು ಯಜಮಾನರು.

"ಅವತ್ತು ಮಾರ್ಕೆಟ್ಟೇ ರಜ ಇತ್ತಲ್ರೀ."

"ನಾವು ಒಂಚೂರು ಅರ್ಧ ಬಾಗಿಲು ತೆಗೆದಿದ್ವಿ ಸಾರ್."

ಅಧಿಕಾರಿ ಕಂತೆಯನ್ನು ಕೈಯಲ್ಲಿ ತೂಗಿ ನೋಡಿ, ಬಾಗಿಲನ್ನೂ ನೋಡಿದರು. "ಆ ಅರ್ಧ ಬಾಗಿಲಲ್ಲಿ ಇಷ್ಟೂ ಲಾರಿ ಹೋದ್ವಾ?"

ದಂಡ ಕಟ್ಟಿ ಬಂದ ಯಜಮಾನರು ನೇರ ನನ್ನ ಮೇಜಿನ ಹತ್ತಿರ ನಿಂತು, "ಕಂಪನಿಗೆ ಫೋನ್ ಮಾಡಮ್ಮ. ಅವರ ಹತ್ರ ಇರೋದ್ರಲ್ಲಿ ತೀರ ಸಣ್ಣ ಲೈಸೆನ್ಸು ಯಾವುದು ಕೇಳು" ಅಂದರು.

ಸೀಟು ಹಿಡಿಯುವುದು

ಸಣ್ಣದು ಅಂತ ಸಿಕ್ಕಿದ್ದು ಮೂವರ ಲೈಸೆನ್ಸು. ಅಂದರೆ ಅಂಗಡಿಯಲ್ಲಿ ಎಷ್ಟು ಕಂಪ್ಯೂಟರ್ ಇದ್ದರೂ ಒಂದು ಹೊತ್ತಿಗೆ ಮೂರು ಜನ ಮಾತ್ರ ಆ ಸಾಫ್ಟ್‌ವೇರಿನ ಒಳಗಿರಬಹುದು. ನಾಲ್ಕನೆಯವರು ಹೋದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ವಾಕ್ಯ ಬರುತ್ತಿತ್ತು. ಮೊದಲನೆಯ ಸಲ ಅದು ಬಂದಾಗ ರೈಟರು, "ಏನಂತಮ್ಮ ಇದು?" ಅಂದರು.

"ಸೀಟಿಲ್ಲ ಅಂತ" ಅಂದೆ.

ಹಾಗೆ ಹೇಳಿದ್ದೇ ತಪ್ಪಾಯಿತು. ಹಾಸನದ ಅಂಗಡಿಯಲ್ಲಿ ಆಗ ಕಂಪ್ಯೂಟರಿನಲ್ಲಿ ಕೆಲಸವಿದ್ದವರು ಐದು ಜನ. ಐದೂ ಜನ ದಿನಾ ಕೆಂಪು ಬಸ್ಸಿನಲ್ಲಿ ಓಡಾಡುವವರು. ಸೀಟು ಎಂದ ಕೂಡಲೇ ಏನು ಮಾಡಬೇಕು ಎನ್ನುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೆ ಮೊದಲೇ ಬಂದು ನಿಲ್ಲುವುದು, ಒಳಗೆ ನುಗ್ಗಿ ಪಾಸ್‌ವರ್ಡ್ ಹೊಡೆಯುವುದು, ಆಮೇಲೆ ನೆಮ್ಮದಿಯಾಗಿ ತಿಂಡಿಗೆ ಹೋಗುವುದು. ರೈಟರು ಒಂದು ಹೆಜ್ಜೆ ಮುಂದೆ ಹೋಗಿ, ಸಾಫ್ಟ್‌ವೇರಿನ ಒಳಗೆ ಹೊಕ್ಕ ಮೇಲೆ ತಮ್ಮ ಟವೆಲನ್ನು ಕೀಬೋರ್ಡಿನ ಮೇಲೆ ಹಾಸಿ ಹೋಗುತ್ತಿದ್ದರು. ಅದರಿಂದ ತಾಂತ್ರಿಕವಾಗಿ ಏನೂ ಪ್ರಯೋಜನವಿರಲಿಲ್ಲ. ಆದರೆ ಆ ಟವೆಲನ್ನು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಸ್ಟಾಕು ನೋಡುತ್ತಿದ್ದವರು ಶ್ರವಣಬೆಳಗೊಳದ ಕಡೆಯ ಜೈನರು. ಸೀಸನ್ನಿನಲ್ಲಿ ಅಂಗಡಿ ಮುಚ್ಚುವುದು ತಡವಾಗುತ್ತಿದ್ದುದರಿಂದ ಸಂಜೆಯ ಊಟದ ಡಬ್ಬಿಯನ್ನೂ ತರುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬೇಕು. ಊಟಕ್ಕೆ ಏಳುವಾಗ ಶಿಸ್ತಾಗಿ ಸಾಫ್ಟ್‌ವೇರಿನಿಂದ ಹೊರಗೆ ಬಂದು ಏಳುತ್ತಿದ್ದ ಮನುಷ್ಯ ನಮ್ಮಲ್ಲಿ ಅವರೊಬ್ಬರೇ. ಹಾಗಾಗಿ ಸಂಜೆಯಾದರೆ ಸೀಟಿಲ್ಲದ ಇಬ್ಬರು ಬಾಗಿಲಲ್ಲಿ ನಿಂತು ಪಡುವಣದ ಕಡೆ ನೋಡುತ್ತಿದ್ದರು. ಹಾಸನದಲ್ಲಿ ಸೂರ್ಯಾಸ್ತಕ್ಕೆ ಅಷ್ಟು ಭಕ್ತಿಯಿಂದ ಕಾದವರು ಬೇರೆ ಯಾರೂ ಇರಲಿಕ್ಕಿಲ್ಲ.

ಒಂದು ದಿನ ದಟ್ಟ ಮೋಡ. ಮಧ್ಯಾಹ್ನದ ಕಾಫಿ ಆಗಿ ಸ್ವಲ್ಪ ಹೊತ್ತಾಗಿದೆ, ಅಷ್ಟೆ. ರೈಟರಿಗೆ ಅವತ್ತು ಸೀಟು ತಪ್ಪಿತ್ತು. ಹೋಗಿ ಸ್ಟಾಕಿನವರ ಭುಜ ಮುಟ್ಟಿ, "ಮೋಡ ಮುಚ್ಚಿದೆ ಸ್ವಾಮಿ. ಒಳಗೊಳಗೇ ಮುಳುಗಿಬಿಟ್ಟಿದ್ರೆ ನಮಗೆ ಗೊತ್ತಾಗಲ್ಲ. ನೀವು ಯಾವುದಕ್ಕೂ ಊಟ ಮಾಡ್ಕೊಂಡ್ಬಿಡಿ" ಅಂದರು.

ಕೊನೆಗೆ ಒಂದು ದಿನ ಯಜಮಾನರಿಗೇ ಒಳಗೆ ಜಾಗ ಸಿಗಲಿಲ್ಲ. ಬ್ಯಾಂಕಿನವರು ಎದುರಿಗೆ ಕೂತಿದ್ದರು, ಬಾಕಿ ಪಟ್ಟಿ ತೋರಿಸಬೇಕಿತ್ತು. "ಯಾರಾದ್ರೂ ಒಬ್ರು ಇಳೀರಪ್ಪ" ಎಂದು ಕೂಗಿದರು. ಮೂರು ತಲೆಗಳೂ ಇನ್ನಷ್ಟು ಬಗ್ಗಿ ಕೆಲಸ ಮಾಡತೊಡಗಿದವು. ಮತ್ತೆ ಕೂಗಿದರು. ಆಗ ರೈಟರು ತಲೆ ಎತ್ತದೆ ಹೇಳಿದರು:

"ಬಸ್ಸು ತುಂಬಿದಾಗ ಕಂಡಕ್ಟ್ರು ನಿಂತ್ಕೊಂಡೇ ಅಲ್ವಾ ಸಾರ್ ಬರೋದು."

ಎಂಟು ಹಾಕದೆ

ಮೂರು ಶಾಖೆಗಳಿಗೆ ಬೇರೆ ಥರದ್ದು ಅಗ್ಗ ಅಂತ ತಿಳಿಯಿತು. ಅಲ್ಲಿ ಕೆಲಸ ಮಾಡುವವರು ಒಬ್ಬೊಬ್ಬರೇ ಆದ್ದರಿಂದ ಒಬ್ಬೊಬ್ಬರ ಹೆಸರಿಗೆ ಒಂದೊಂದು ಲೈಸೆನ್ಸು. ಯಾರ ಹೆಸರಿಗೋ ಅವರೇ ಉಪಯೋಗಿಸಬೇಕು. ಅರಕಲಗೂಡಿನ ಶಾಖೆ ನೋಡಿಕೊಳ್ಳುತ್ತಿದ್ದವರಿಗೆ ಫೋನ್ ಮಾಡಿ, "ನಿಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸ್ಬೇಕು, ನಾಳೆ ಹಾಸನಕ್ಕೆ ಬನ್ನಿ" ಅಂದೆ. "ಬತ್ತೀನಿ ಅಕ್ಕ" ಎಂದರು, ಬಹಳ ಸಣ್ಣ ದನಿಯಲ್ಲಿ.

ಮಾರನೆಯ ದಿನ ಇಸ್ತ್ರಿ ಮಾಡಿದ ಷರ್ಟು ಹಾಕಿ, ಹಣೆಗೆ ವಿಭೂತಿ ಇಟ್ಟು ಬಂದರು. ಜೇಬಿನಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಕಣ್ಣಿನ ಡಾಕ್ಟರ ಸರ್ಟಿಫಿಕೇಟು ಇಟ್ಟರು. ರಕ್ತದ ಗುಂಪು ಬರೆದಿದ್ದ ಚೀಟಿ ಇಟ್ಟರು.

"ಇದೆಲ್ಲ ಯಾಕೆ?" ಅಂದೆ.

"ಓದ ಸಲ ಇದೆಲ್ಲ ಕೇಳಿದ್ರು ಅಕ್ಕ."

"ಯಾವ ಹೋದ ಸಲ?"

ಆಗ ಹೊರಗೆ ಬಂತು. ಸ್ಕೂಟರಿನ ಲೈಸೆನ್ಸಿಗೆ ಹೋದಾಗಲೆಲ್ಲ ಅವರು ಎಂಟು ಹಾಕಲಾರದೆ ಕಾಲು ಊರಿ ಫೇಲಾಗಿ ಬರುತ್ತಿದ್ದರಂತೆ. ಮನೆಯಲ್ಲಿ ಹೆಂಡತಿ ಮಕ್ಕಳು ನಗುತ್ತಾರಂತೆ. ನಿನ್ನೆ ನನ್ನ ಫೋನು ಬಂದ ಮೇಲೆ, ಈ ಸಲ ಯಜಮಾನರೇ ಮುಂದೆ ನಿಂತು ಮಾಡಿಸುತ್ತಿದ್ದಾರೆ ಅಂದುಕೊಂಡು, ಸಂಜೆ ಹೈಸ್ಕೂಲು ಮೈದಾನದಲ್ಲಿ ಕತ್ತಲಾಗುವವರೆಗೂ ಎಂಟು ಹಾಕಿ ಅಭ್ಯಾಸ ಮಾಡಿದ್ದರಂತೆ. "ಸೊನ್ನೆ ಬತ್ತದೆ ಅಕ್ಕ. ಎಂಟು ಬರಾಕಿಲ್ಲ."

ನಗು ತಡೆದುಕೊಂಡು ಅವರ ಹೆಸರನ್ನು ಸಾಫ್ಟ್‌ವೇರಿಗೆ ಸೇರಿಸಿದೆ. ಒಂದು ಚೀಟಿಯಲ್ಲಿ ಬರೆದು, "ತಗೊಳ್ಳಿ, ಇದು ನಿಮ್ಮ ಪಾಸ್‌ವರ್ಡು" ಎಂದು ಕೊಟ್ಟೆ.

ಚೀಟಿಯನ್ನು ಎರಡು ಕಣ್ಣಿಗೂ ಒತ್ತಿಕೊಂಡು ಜೇಬಿಗಿಟ್ಟರು. "ದೊಡ್ಡ ಉಪಕಾರ ಆಯ್ತು ಅಕ್ಕ. ಎಂಟೇ ಆಕುಸ್ದೆ ಪಾಸ್ ಮಾಡ್ಬುಟ್ರಿ."

ಸೊಸೆಯ ಹೆಸರು

ಚನ್ನರಾಯಪಟ್ಟಣದ ಲೈಸೆನ್ಸು ಅಲ್ಲಿ ಬಿಲ್ಲು ಹಾಕುತ್ತಿದ್ದ ಒಬ್ಬ ಹುಡುಗಿಯ ಹೆಸರಿನಲ್ಲಿತ್ತು. ಚುರುಕಾದ ಹುಡುಗಿ. ಬಾಗೂರಿಗೆ ಮದುವೆಯಾಗಿ ಅವಳು ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಒಬ್ಬ ದಪ್ಪ ಮೀಸೆಯವನು ಬಂದ. ಲೈಸೆನ್ಸಿನಲ್ಲಿ ಹೆಸರು ಬದಲಾಯಿಸಬೇಕಾದರೆ ಕಂಪನಿಗೆ ಮತ್ತೆ ದುಡ್ಡು ಕಟ್ಟಬೇಕಿತ್ತು.

"ಯಾಕೆ ಬದಲಾಯಿಸ್ಬೇಕು?" ಅಂದರು ಯಜಮಾನರು. "ಹೆಸರು ಅವಳದಿರಲಿ, ಬೆರಳು ಇವನದಿರಲಿ."

ಹಾಗೇ ನಡೆಯಿತು. ಪ್ರತಿ ಬಿಲ್ಲಿನ ಕೆಳಗೂ ಬಿಲ್ಲು ಮಾಡಿದವರು ಎಂಬಲ್ಲಿ ಆ ಹುಡುಗಿಯ ಹೆಸರು ಅಚ್ಚಾಗುತ್ತಿತ್ತು. ಒಂದು ದಿನ ಅವಳ ಮಾವ ಬಾಗೂರಿನಿಂದ ಬಂದು, ಬಾಗಿಲಲ್ಲೇ ನಿಂತು ಆಳಿನ ಕೈಯಲ್ಲಿ ಬಿಲ್ಲು ತರಿಸಿಕೊಂಡು, ಗೊಬ್ಬರ ತಗೊಂಡು ಹೋದರು. ಅವರಿಗೆ ಓದು ಬರುತ್ತಿತ್ತು. ಅದೇ ತಾಪತ್ರಯವಾಗಿದ್ದು.

ಮಾರನೆಯ ದಿನ ಪ್ರಿಂಟರ್ ಕೆಟ್ಟಿದೆ ಅಂತ ನಾನು ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಆ ಮಾವ ಮಗನನ್ನೂ ಕರೆದುಕೊಂಡು ಒಳಗೆ ಬಂದರು. ಬಿಲ್ಲನ್ನು ಮೇಜಿನ ಮೇಲೆ ಹರಡಿ, ಹೆಸರಿನ ಮೇಲೆ ಬೆರಳಿಟ್ಟು, "ನಮ್ ಸೊಸೆ ನಮ್ಗೆ ಗೊತ್ತಿಲ್ದಂಗೆ ಇಲ್ಲಿ ಕೆಲ್ಸಕ್ಕೆ ಬತ್ತಾವ್ಳಾ?" ಅಂದರು. "ನಿನ್ನೆ ನಾನು ಇಲ್ಲಿಗೆ ಬಂದಾಗ ಅವಳು ಮನೇಲಿ ರಾಗಿ ಕ್ಲೀನ್ ಮಾಡ್ತಿದ್ಳು. ನಾನು ತಿರ್ಗಾ ಮನೆಗೆ ಓದಾಗ್ಲೂ ಅವ್ಳೇ ಬಾಗ್ಲು ತೆಗ್ದಿದ್ದು. ಮಧ್ಯದಲ್ಲಿ ಇಲ್ಲಿಗೆ ಎಂಗ್ ಬಂದ್ಳು?"

ಮಗನ ಮುಖ ನೋಡಿದರೆ ರಾತ್ರಿ ಮನೆಯಲ್ಲಿ ದೊಡ್ಡ ಮಾತುಕತೆಯೇ ಆಗಿದೆ ಅಂತ ತಿಳಿಯುತ್ತಿತ್ತು. ನನಗೆ ಆ ಹುಡುಗಿಯ ಬಗ್ಗೆ ಹೆದರಿಕೆಯಾಯಿತು. ನಾನು ಲೈಸೆನ್ಸಿನ ವಿಷಯ ಬಿಡಿಸಿ ಹೇಳಲು ಬಾಯಿ ತೆರೆಯುವುದರೊಳಗೆ ಮೀಸೆಯವನು ಎದ್ದು ನಿಂತು, "ಅವ್ರು ಅಲ್ಲ ಸಾ. ಅದು ನಾನೇ" ಅಂದ.

"ಏನ್ ನೀನೇ?"

"ಆ ಎಸ್ರು ನಾನೇ ಸಾ."

ಮಾವ ಅವನ ಮೀಸೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ನಾನು ಇಬ್ಬರನ್ನೂ ಕೂರಿಸಿ, ಕಾಫಿ ತರಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಮಾವ ಎಲ್ಲ ಕೇಳಿ, "ಅಂದ್ರೆ ಅವಳ ಎಸ್ರು ದಿನಾ ಬಂದು ಇಲ್ಲಿ ದುಡೀತಾ ಐತೆ" ಅಂದರು.

"ಹಾಗೇ ಅನ್ನಿ."

"ಎಸ್ರು ಎಂಗೂ ಬತ್ತಾ ಐತೆ. ಅದ್ರ ಜೊತ್ಗೆ ಅವ್ಳೂ ಬಂದ್ರೆ ಏನು? ಮನೇಲಿ ಕುಂತು ನಮ್ ತಪ್ಪು ಲೆಕ್ಕ ಇಡ್ಕೊಂಡು ತಲೆ ತಿಂತಾಳೆ."

ಮಗನ ಮುಖ ಅರಳಿತು. ಯಜಮಾನರಿಗೂ ಒಳ್ಳೆಯದೇ ಅನ್ನಿಸಿತು, ಕಂಪನಿಗೆ ಕಟ್ಟುವ ದುಡ್ಡು ಉಳಿಯಿತಲ್ಲ. ಮುಂದಿನ ವಾರ ಆ ಹುಡುಗಿ ಬಾಗೂರಿನಿಂದ ಬಸ್ಸಿನಲ್ಲಿ ಬಂದು ತನ್ನ ಕುರ್ಚಿಯಲ್ಲಿ ಕೂತು, ತನ್ನ ಹೆಸರಿನಲ್ಲೇ ಬಿಲ್ಲು ಹಾಕಿದಳು. ಮೀಸೆಯವನನ್ನು ತೂಕದ ಕಡೆಗೆ ಹಾಕಿದರು.

ಅವನು ನನ್ನ ಹತ್ತಿರ ಬಂದು ಸಂಕೋಚದಿಂದ ಕೇಳಿದ: "ಅಕ್ಕ, ಇನ್ಮೇಲೆ ನಾನು ಯಾರು?"

ತರಬೇತಿ ಕೇಂದ್ರ

ಕೆಲವು ವರ್ಷ ಕಳೆದ ಮೇಲೆ ನಮ್ಮ ಸಾಫ್ಟ್‌ವೇರು ಹಳೆಯದಾಗಿ, ಹೊಸ ಕಂಪ್ಯೂಟರುಗಳಲ್ಲಿ ನಡೆಯದಾಯಿತು. ಹೊಸದರ ದರ ಕೇಳಿ ಯಜಮಾನರು ಫೋನನ್ನು ಕಿವಿಯಿಂದ ದೂರ ಹಿಡಿದರು. ಆದರೆ ಕಂಪನಿಯವನು ಮಾತಿನ ಮಧ್ಯೆ, ಶಾಲೆಗಳಿಗೆ ಮಾತ್ರ ತೀರ ಕಡಿಮೆ ದರ ಅಂದಿದ್ದ.

ಒಂದು ವಾರದಲ್ಲಿ ಗೋದಾಮಿನ ಮಹಡಿಗೆ ಸುಣ್ಣ ಬಳಿಸಿ, ಮೆಟ್ಟಿಲ ಪಕ್ಕ ಕಂಪ್ಯೂಟರ್ ತರಬೇತಿ ಕೇಂದ್ರ ಎಂದು ಬೋರ್ಡು ಹಾಕಿಸಿ, ಶಾಲೆಯ ದರದಲ್ಲಿ ಹೊಸ ಸಾಫ್ಟ್‌ವೇರು ತರಿಸಿದರು. ತಾವು ಪ್ರಾಂಶುಪಾಲರು. ರೈಟರು ಉಪ ಪ್ರಾಂಶುಪಾಲರು. ನಾನು ಅಧ್ಯಾಪಕ ವರ್ಗ. ವಿದ್ಯಾರ್ಥಿಗಳು ಮಾತ್ರ ಬೇಕಿರಲಿಲ್ಲ.

"ಸಾರ್, ಯಾರಾದ್ರೂ ಸೇರೋಕೆ ಬಂದ್ರೆ?" ಅಂದೆ.

"ಆಲೂಗಡ್ಡೆ ಗೋದಾಮಿಗೆ ಓದೋಕೆ ಯಾರು ಬರ್ತಾರಮ್ಮ."

ಬೋರ್ಡಿನ ಬಣ್ಣ ಒಣಗುವುದರೊಳಗೆ ಶಾಂತಿಗ್ರಾಮದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಡೈರಿಗೆ ಹಾಲು ಹಾಕಿ, ಹಾಗೇ ಬಸ್ಸು ಹತ್ತಿದ್ದಂತೆ. ಹುಡುಗಿ ಪಿ.ಯು.ಸಿ. ಮುಗಿಸಿದ್ದಳು.

"ಸೀಟು ಭರ್ತಿಯಾಗಿದೆ ಕಣಮ್ಮ" ಅಂದರು ಯಜಮಾನರು.

ಆಕೆ ಬಗ್ಗಿ ಖಾಲಿ ಕೋಣೆಯನ್ನು ನೋಡಿದರು. "ಎಲ್ಲವ್ರೆ ಮಕ್ಳು?"

ಯಜಮಾನರು ಬೇರೆ ದಾರಿ ಹಿಡಿದರು. ಯಾರೂ ಕೇಳಿರದಷ್ಟು ದೊಡ್ಡ ಫೀಸು ಹೇಳಿದರು. ಆಕೆ ಬೆಚ್ಚಿ ಎದ್ದು ಹೋಗುತ್ತಾರೆ ಅಂದುಕೊಂಡೆವು. ಆಕೆ ಮಗಳ ಕಡೆ ತಿರುಗಿ, "ಇಷ್ಟು ಇಸ್ಕೊತಾರೆ ಅಂದ್ರೆ ಒಳ್ಳೆ ಸ್ಕೂಲೇ ಇರ್ಬೇಕು ಕಣೇ" ಅಂದು ಸೆರಗಿನ ಗಂಟು ಬಿಚ್ಚಿದರು.

ಆ ಫೀಸಿನ ಸುದ್ದಿ ಹರಡಿ ಇನ್ನೂ ಜನ ಬಂದರು. ನಾನು ನಿಜವಾಗಿ ಪಾಠ ಮಾಡಬೇಕಾಯಿತು. ಮಾಡಿದೆ. ಆದರೆ ನನಗೆ ಆ ಸಾಫ್ಟ್‌ವೇರಿನಲ್ಲಿ ಆಲೂಗಡ್ಡೆ ಬಿಟ್ಟು ಬೇರೆ ಉದಾಹರಣೆ ಗೊತ್ತಿರಲಿಲ್ಲ.

ಹೀಗಿರುವಾಗ, ನಾವು ಶಾಲೆ ಹೌದೋ ಅಲ್ಲವೋ ನೋಡಿಕೊಂಡು ಹೋಗಲು ಕಂಪನಿಯಿಂದ ಒಬ್ಬರು ಬಂದರು. ಯಜಮಾನರು ಮಗನ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದರು. ಸಿಕ್ಕಿಹಾಕಿಕೊಂಡರೆ ಲೈಸೆನ್ಸು ಹೋಗುವುದಷ್ಟೇ ಅಲ್ಲ, ಫೀಸು ಕಟ್ಟಿದವರಿಗೆ ಮುಖ ತೋರಿಸುವುದು ಹೇಗೆ.

ಬಂದವರು ಶಾಂತಿಗ್ರಾಮದ ಹುಡುಗಿಯನ್ನು ಎಬ್ಬಿಸಿ, "ಡೇಟಾಬೇಸ್ ಅಂದ್ರೆ ಏನಮ್ಮ?" ಅಂದರು.

"ಯಾರ್ಯಾರು ಎಷ್ಟೆಷ್ಟು ಬಾಕಿ ಇದಾರೆ ಅನ್ನೋದು ಸಾರ್."

"ಅದರಲ್ಲಿ ತಪ್ಪಾಗದೆ ಇರೋಕೆ ಏನು ಮಾಡ್ಬೇಕು?"

"ಮೂಟೆ ತೂಕದಲ್ಲಿ ಚೀಲದ ತೂಕ ಕಳೀಬೇಕು ಸಾರ್."

ಅವರು ಪ್ರಾಂಶುಪಾಲರ ಕಡೆ ತಿರುಗುವ ಹೊತ್ತಿಗೆ ಸರಿಯಾಗಿ ಹಮಾಲಿಯೊಬ್ಬ ಮೆಟ್ಟಿಲ ಬುಡದಿಂದ ಕೂಗಿದ: "ಯಜಮಾನ್ರೇ, ಲೋಡ್ ಬಂತು. ಎಲ್ಲಿ ಇಳಿಸಾದು?"

ಯಜಮಾನರು ಕೋಟಿನ ಗುಂಡಿ ಸರಿಮಾಡಿಕೊಂಡು, "ಪ್ರಾಕ್ಟಿಕಲ್ಸ್ ಬಂತು. ಎಲ್ರೂ ನೋಟ್‌ಬುಕ್ ತಗೊಂಡು ಕೆಳಗೆ ನಡೀರಿ" ಅಂದರು.

ಮಕ್ಕಳು ಸಾಲಾಗಿ ಇಳಿದು ಹೋಗಿ, ಲಾರಿಯಿಂದ ಇಳಿದ ಮೂಟೆಗಳನ್ನು ಎಣಿಸಿ, ತೂಕ ಬರೆದು, ಮೇಲೆ ಬಂದು ಸ್ಟಾಕಿಗೆ ಏರಿಸಿದರು. ಒಬ್ಬರ ಲೆಕ್ಕವೂ ತಪ್ಪಿರಲಿಲ್ಲ. ಕಂಪನಿಯವರು ದಂಗಾಗಿ, ಪ್ರಾಕ್ಟಿಕಲ್‌ಗೆ ಲಾರಿ ತರಿಸುವ ಸಂಸ್ಥೆಯನ್ನು ತಾವು ಬೇರೆಲ್ಲೂ ನೋಡಿಲ್ಲ ಅಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಕೆಳಗೆ ಒಂದು ಸಾಲು ಸೇರಿಸಿದರು. ಇದು ಶಿಕ್ಷಣಕ್ಕೆ ಮಾತ್ರ, ಇದರಲ್ಲಿ ವ್ಯಾಪಾರದ ಬಿಲ್ಲು ಮಾಡುವಂತಿಲ್ಲ.

ಹೀಗೆ ಮಹಡಿಯ ಮೇಲೆ ಮಕ್ಕಳು ಹೊಸ ಸಾಫ್ಟ್‌ವೇರಿನಲ್ಲಿ ಇಲ್ಲದ ಆಲೂಗಡ್ಡೆಗೆ ಬಿಲ್ಲು ಹಾಕುವುದು, ಕೆಳಗೆ ಇರುವ ಆಲೂಗಡ್ಡೆಗೆ ರೈಟರು ಕೈಯಲ್ಲಿ ಬರೆಯುವುದು ಅಂತಾಯಿತು. ಸೀಸನ್ ಏರಿದಂತೆ ರೈಟರಿಗೆ ಕೈ ಸೋತಿತು. ಕೆಳಗಿನ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಗೀಚಿ, ಹೋಂವರ್ಕು ಅಂತ ಮೇಲಕ್ಕೆ ಕಳಿಸತೊಡಗಿದರು. ಹೋಂವರ್ಕು ಸಾಲದೆ ಬಂದಾಗ ಕಿರುಪರೀಕ್ಷೆ ಅಂದರು. ಅಂಗಡಿಯಲ್ಲಿ ನೂಕುನುಗ್ಗಲಾದ ದಿನ ದೊಡ್ಡ ಪರೀಕ್ಷೆ.

ಆ ವರ್ಷವೇ ಯಜಮಾನರು ಪೂರ್ತಿ ದುಡ್ಡು ಕೊಟ್ಟು ಮಂಡಿಗೆ ಬೇರೆ ಲೈಸೆನ್ಸು ಕೊಂಡರು, ಶಾಂತಿಗ್ರಾಮದ ಹುಡುಗಿಯ ಫೀಸನ್ನು ಹಿಂದಕ್ಕೆ ಕೊಟ್ಟು ಅವಳನ್ನು ಸಂಬಳಕ್ಕೆ ತಗೊಂಡರು. ಅದಕ್ಕೆ ಕಾರಣ ಕಂಪನಿಯಲ್ಲ. ಅವಳ ತಾಯಿ.

ಆಕೆ ಒಂದು ದಿನ ಬಂದು ಯಜಮಾನರ ಎದುರಿನ ಬೆಂಚಿನಲ್ಲಿ ಕೂತರು. ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಲು ಬಂದಿದ್ದರು.

"ಅಲ್ಲ ಸಾ, ನಮ್ ಹುಡ್ಗಿ ಚೆಂದಾಗಿ ಕಲ್ತವ್ಳೆ, ಅದಕ್ಕೆ ಬ್ಯಾರೆ ಮಾತಿಲ್ಲ. ಆದ್ರೆ ಬ್ಯಾರೆ ಸ್ಕೂಲ್ನಲ್ಲೆಲ್ಲ ವರ್ಸಕ್ಕೊಂದ್ಸಲ ಪರೀಕ್ಷೆ. ನಿಮ್ ಸ್ಕೂಲ್ನಲ್ಲಿ ಒಂದು ಹದ ಮಳೆ ಬಿದ್ರೆ ಸಾಕು, ಮಾರ್ನೇ ದಿಸ ಪರೀಕ್ಷೆ ಅಂತೀರಿ. ಅದ್ಯಾಕೆ ಸಾ ಅಂಗೆ?"

ಯಜಮಾನರು ಮೇಜಿನ ಮೇಲಿದ್ದ ಪೇಪರ್ ವೇಟನ್ನು ತಿರುಗಿಸುತ್ತಾ ಕೂತರು. ನಾನು ಗೋಡೆ ನೋಡಿದೆ. ಉಪ ಪ್ರಾಂಶುಪಾಲರು ಮಾತ್ರ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿ, ಗಂಭೀರವಾಗಿ ಹೇಳಿದರು:

"ನಮ್ಮದು ಮುಂಗಾರು ಸೆಮಿಸ್ಟರ್ ಕಣಮ್ಮ."